ಸ್ಟೀಮ್ ಗೇಮ್‌ಗಳನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹಾಕುವುದು

ಸಿ ಡ್ರೈವ್ ತುಂಬಿತೆಂದು ಗೇಮ್ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಬೇಡಿ, 80 ಜಿಬಿ ಡೇಟಾ ಸುಮ್ಮನೆ ದಂಡ. ಸ್ಟೀಮ್‌ನ (ಪಿಸಿ ಗೇಮ್ ಕೊಂಡು ಆಡುವ ಆ್ಯಪ್) ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್' ತೆರೆದು, ಮೇಲಿರುವ ಡ್ರೈವ್ ಹೆಸರು ಒತ್ತಿ, 'ಆ್ಯಡ್ ಡ್ರೈವ್' ಮೂಲಕ ಡಿ ಸೇರಿಸಿ. ಮತ್ತೆ ಸಿ ಆರಿಸಿ, ಗೇಮ್‌ಗೆ ಟಿಕ್ ಹಾಕಿ 'ಮೂವ್' ಕೊಡಿ. ಮುಗಿಯುವ ತನಕ ಸ್ಟೀಮ್ ಮುಚ್ಚಬಾರದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ.

ಫೋಲ್ಡರನ್ನು ಕೈಯಾರೆ ಕಟ್-ಪೇಸ್ಟ್ ಮಾಡಿದರೆ ಎಡವಟ್ಟಾಗುತ್ತದೆ. ಗೇಮ್ ಎಲ್ಲಿದೆ ಎಂದು ಹೇಳುವ ಆ್ಯಪ್‌ಮ್ಯಾನಿಫೆಸ್ಟ್ ಫೈಲ್ ಹಳೆಯ ಜಾಗದಲ್ಲೇ ಉಳಿದಿರುತ್ತದೆ. ಆಗಲೇ ಹಾಗೆ ಮಾಡಿಬಿಟ್ಟಿದ್ದರೆ ಗಾಬರಿ ಬೇಡ: ಫೋಲ್ಡರ್ ಡಿ ಡ್ರೈವ್‌ನ ಸ್ಟೀಮ್‌ಆ್ಯಪ್ಸ್ ಒಳಗಿನ 'ಕಾಮನ್'ನಲ್ಲಿರಲಿ. ಸ್ಟೀಮ್‌ನಲ್ಲಿ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡಿ ಆರಿಸಿ 'ಇನ್‌ಸ್ಟಾಲ್' ಒತ್ತಿ. ಇರುವ ಫೈಲ್‌ಗಳನ್ನು ಗುರುತಿಸಿ, ಇಲ್ಲದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್‌ನಂಥ ಫಾರ್ಮ್ಯಾಟ್ ಬೇಕು.