ಪ್ರಾಕ್ಸಿ ಕ್ಯಾಶ್‌ಗೆ ಹೆಸರಿಡಿ, ಬ್ರೌಸರ್‌ಗೆ ದಾರಿ ತೋರಿಸಿ

ಪ್ರಾಕ್ಸಿ ಕ್ಯಾಶ್‌ನ (ಬ್ರೌಸರ್‌ಗೂ ಇಂಟರ್‌ನೆಟ್‌ಗೂ ನಡುವೆ ನಿಂತು, ತಂದ ಪುಟಗಳ ಪ್ರತಿ ಇಟ್ಟುಕೊಳ್ಳುವ ಸರ್ವರ್) ಐಪಿ ವಿಳಾಸವನ್ನು ಒಂದೊಂದು ಬ್ರೌಸರ್‌ಗೂ ಹೋಗಿ ಟೈಪ್ ಮಾಡ್ತಾ ಇದ್ದೀರಾ? ನಿಲ್ಲಿಸಿ. ಸರ್ವರ್ ಬದಲಾದ ದಿನ ಮತ್ತೆ ಎಲ್ಲಾ ಸಿಸ್ಟಂ ಮುಂದೆ ಕೂರಬೇಕಾಗುತ್ತದೆ. ಬಳಸುವವರಿಗೆ ಒಂದೇ ಹೆಸರು ಸಾಕು. ಒಳಗಿನ ಯಂತ್ರಗಳಿಗೆ ಮಾತ್ರ ಬೇರೆ ಬೇರೆ ಹೆಸರು ಬೇಕು.

ಮೊದಲು ಯಂತ್ರಗಳಿಗೆ ಕ್ಯಾಶ್1, ಕ್ಯಾಶ್2 ಅಂತ ಹೆಸರಿಡಿ. ಆಮೇಲೆ ಡಿಎನ್‌ಎಸ್‌ನಲ್ಲಿ (ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ‘ಪ್ರಾಕ್ಸಿ’ ಅಂತ ಒಂದು ಸಿನೇಮ್, ಅಂದರೆ ಅಡ್ಡಹೆಸರು, ಸೇರಿಸಿ, ಅದು ಕ್ಯಾಶ್1 ಕಡೆ ತೋರಿಸಲಿ. ಟಿಟಿಎಲ್ (ಡಿಎನ್‌ಎಸ್ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇಟ್ಟರೆ ಯಂತ್ರ ಬದಲಿಸಿದಾಗ ಜಾಸ್ತಿ ಕಾಯಬೇಕಿಲ್ಲ. ಯಂತ್ರದ ಹೆಸರು ವಯಾ ಹೆಡರ್‌ನಲ್ಲಿ (ಕೋರಿಕೆ ಯಾವ ಪ್ರಾಕ್ಸಿ ಮೂಲಕ ಬಂತು ಅಂತ ಹೇಳುವ ಸಾಲು) ಹೊರಗಿನ ಸೈಟ್‌ಗಳಿಗೂ ಹೋಗುತ್ತದೆ, ಹಾಗಾಗಿ ವಿಭಾಗದ ಹೆಸರು, ಮಹಡಿ ಸಂಖ್ಯೆ ಎಲ್ಲ ಅದರಲ್ಲಿ ತುರುಕಬೇಡಿ.

ಸ್ಕ್ವಿಡ್ ಎಂಬ ಪ್ರಾಕ್ಸಿ ಕ್ಯಾಶ್ ತಂತ್ರಾಂಶ ಬಳಸುವವರು ಎಡವುವುದು ಇಲ್ಲೇ. ಎರಡೂ ಯಂತ್ರಗಳಿಗೆ ವಿಸಿಬಲ್ ಹೋಸ್ಟ್‌ನೇಮ್ (ಹೊರಗೆ ಕಾಣುವ ಹೆಸರು) ಒಂದೇ ಕೊಟ್ಟು ಒಂದರಿಂದ ಇನ್ನೊಂದಕ್ಕೆ ಕೋರಿಕೆ ಕಳಿಸಿದರೆ, ಎರಡನೆಯದು ವಯಾದಲ್ಲಿ ತನ್ನದೇ ಹೆಸರು ನೋಡಿ ‘ಇದು ಸುತ್ತು ಹೊಡೀತಿದೆ’ ಅಂದುಕೊಳ್ಳುತ್ತದೆ. ಒಂದೇ ಹೆಸರು ಕಾಣಲೇಬೇಕು ಅಂದರೆ ಯುನೀಕ್ ಹೋಸ್ಟ್‌ನೇಮ್ (ಸುತ್ತು ಪತ್ತೆಹಚ್ಚಲು ಬಳಸುವ ಹೆಸರು) ಅನ್ನಾದರೂ ಬೇರೆ ಬೇರೆ ಕೊಡಿ.

ಇನ್ನು ದಾರಿ ತೋರಿಸುವುದು. ಇದಕ್ಕೆ ಪ್ಯಾಕ್ ಫೈಲ್ ಇದೆ, ಅದು ಯಾವ ಸೈಟ್‌ಗೆ ಯಾವ ದಾರಿ ಅಂತ ಬ್ರೌಸರ್‌ಗೆ ಹೇಳುವ ಒಂದು ಸಣ್ಣ ಜಾವಾಸ್ಕ್ರಿಪ್ಟ್. ಒಳಗಿನ ಸೈಟ್‌ಗಳಿಗೆ ‘ಡೈರೆಕ್ಟ್’ (ಪ್ರಾಕ್ಸಿ ಇಲ್ಲದೆ ನೇರ), ಉಳಿದದ್ದಕ್ಕೆ ‘ಪ್ರಾಕ್ಸಿ’ ಹೆಸರು ಮತ್ತು ಪೋರ್ಟ್ (ಸ್ಕ್ವಿಡ್‌ನದ್ದು ಸಾಮಾನ್ಯವಾಗಿ 3128), ಅದು ಸಿಗದಿದ್ದರೆ ಕ್ಯಾಶ್2 ಅಂತ ಬರೆದರೆ ಮುಗೀತು. ಈ ಫೈಲ್‌ನ ವಿಳಾಸವನ್ನು ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಆಯ್ಕೆ 252ರಲ್ಲಿ ಕೊಡಬಹುದು, ಆದರೆ ಎಲ್ಲ ಬ್ರೌಸರ್‌ಗಳೂ ಅದನ್ನು ಕೇಳುವುದಿಲ್ಲ. ಹಾಗಾಗಿ ಡಿಎನ್‌ಎಸ್‌ನಲ್ಲಿ ‘ಡಬ್ಲ್ಯೂಪ್ಯಾಡ್’ (ಪ್ಯಾಕ್ ಫೈಲ್‌ಗಾಗಿ ಬ್ರೌಸರ್ ತಾನಾಗೇ ಹುಡುಕುವ ಹೆಸರು) ಹೆಸರನ್ನೂ ಸೇರಿಸಿ, ಆ ಸರ್ವರ್‌ನ ಪೋರ್ಟ್ 80ರಲ್ಲಿ ಅದೇ ಫೈಲನ್ನು ‘ಡಬ್ಲ್ಯೂಪ್ಯಾಡ್.ಡ್ಯಾಟ್’ ಹೆಸರಲ್ಲಿ ಇಡಿ. ವಿಂಡೋಸ್‌ನ ಡಿಎನ್‌ಎಸ್ ಸರ್ವರ್ ಈ ಹೆಸರನ್ನು ಬೇಕಂತಲೇ ತಡೆಹಿಡಿದಿರುತ್ತದೆ. ತಡೆಪಟ್ಟಿ ನೋಡದೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಈ ಹೆಸರುಗಳ ಕೊನೆಗೆ ಬರುವ ಡೊಮೈನ್ ಮಾತ್ರ ನೀವೇ ನೋಂದಾಯಿಸಿದ್ದೇ ಆಗಿರಲಿ. ಮನಸ್ಸಿಗೆ ಬಂದ ಹೆಸರಿಟ್ಟರೆ ಲ್ಯಾಪ್‌ಟಾಪ್ ಹೊರಗೆ ಹೋದಾಗ ಡಬ್ಲ್ಯೂಪ್ಯಾಡ್‌ಗಾಗಿ ಇಂಟರ್‌ನೆಟ್‌ನಲ್ಲಿ ಹುಡುಕುತ್ತದೆ, ಬೇರೆ ಯಾರೋ ಆ ಹೆಸರು ಕೊಂಡಿದ್ದರೆ ಪ್ಯಾಕ್ ಫೈಲ್ ಅವರದ್ದೇ ಬರುತ್ತದೆ. 2016ರಲ್ಲಿ ಅಮೆರಿಕದ ಸೈಬರ್ ಭದ್ರತಾ ತಂಡ ಯುಎಸ್-ಸರ್ಟ್ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು.

ಕೊನೆಗೆ, ಪ್ರಾಕ್ಸಿ ಮೂಲಕ ಒಂದೇ ಪುಟವನ್ನು ಎರಡು ಸಲ ತರಿಸಿ ಹೆಡರ್ ನೋಡಿ. ಎಕ್ಸ್-ಕ್ಯಾಶ್‌ನಲ್ಲಿ, ಇಲ್ಲವೇ ಹೊಸ ಸ್ಕ್ವಿಡ್ ಆದರೆ ಕ್ಯಾಶ್-ಸ್ಟೇಟಸ್‌ನಲ್ಲಿ, ‘ಹಿಟ್’ (ಪುಟ ಕ್ಯಾಶ್‌ನಿಂದಲೇ ಬಂತು ಅಂತ) ಜೊತೆ ಯಂತ್ರದ ಹೆಸರೂ ಕಾಣಬೇಕು. ಇದನ್ನು ಎಚ್‌ಟಿಟಿಪಿ ಪುಟದಲ್ಲೇ ನೋಡಿ. ಎಚ್‌ಟಿಟಿಪಿಎಸ್ ಆದರೆ ಪ್ರಾಕ್ಸಿ ಬರೀ ಸುರಂಗ ತೆರೆದು ಕೂರುತ್ತದೆ, ಒಳಗೇನು ಹೋಗ್ತಿದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ.