ಕೆಮ್ಮಣ್ಣು ಊದಿ ಕಲ್ಲಿನ ಮೇಲೆ ಕೈ ಮೂಡಿಸೋದು ಹೇಗೆ?

ಆಸ್ಟ್ರೇಲಿಯಾದ ಮೂಲನಿವಾಸಿಗಳ ಗುಹೆಗಳಲ್ಲಿ ಕಾಂಗರೂ, ಮೀನು, ಮನುಷ್ಯರ ಚಿತ್ರಗಳು ಬೇಕಾದಷ್ಟಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕೈಗಳು. ಅರಿಶಿನದಲ್ಲಿ ಅದ್ದಿ ಗೋಡೆಗೆ ಒತ್ತುತ್ತೀವಲ್ಲ, ಅಂಥದ್ದಲ್ಲ. ಅದರ ಉಲ್ಟಾ. ಕೈಯನ್ನು ಬಂಡೆಗೆ ಆನಿಸಿ, ಬಾಯಲ್ಲಿ ಬಣ್ಣದ ನೀರು ತುಂಬಿಕೊಂಡು ಅದರ ಮೇಲೆ ಊದುತ್ತಿದ್ದರು. ಕೈ ತೆಗೆದರೆ ಸುತ್ತ ಕೆಂಪು, ನಡುವೆ ಬರೀ ಬಂಡೆ. ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್‌ನಲ್ಲಿ ರೆಡ್ ಹ್ಯಾಂಡ್ಸ್ ಅಂತಲೇ ಒಂದು ಗುಹೆ ಇದೆ. ಇದನ್ನು ಮಂಡ್ಯದ ನಮ್ಮ ಹಿತ್ತಲಲ್ಲಿ ಮಕ್ಕಳ ಜೊತೆ ಮಾಡಿ ನೋಡಿದೆ. ಮೂರನೇ ಸಲಕ್ಕೆ ಬಂತು.

ಮೊದಲು ಬಣ್ಣ. ಗ್ರಂಥಿಗೆ ಅಂಗಡಿಯಲ್ಲಿ ಕೆಮ್ಮಣ್ಣಿನ ಉಂಡೆ ಕೇಳಿ, ಹೊಸ್ತಿಲಿಗೆ ಬಳಿಯುತ್ತಾರಲ್ಲ ಅದೇ. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪುಡಿ ಬೇಡ. ಅವರು ಬಳಸಿದ್ದೂ ಕಬ್ಬಿಣದ ಅಂಶ ಇರುವ ಇಂಥ ಮಣ್ಣೇ, ಅದು ಬೇಗ ಮಾಸಲ್ಲ. ತೊಂದರೆ ಏನಂದರೆ ಆ ಮಣ್ಣಿನಲ್ಲಿ ಇಂಗಾಲ ಇರಲ್ಲ, ಹಾಗಾಗಿ ಚಿತ್ರದ ವಯಸ್ಸು ನೇರವಾಗಿ ಅಳೆಯೋಕೆ ಆಗಲ್ಲ. ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿ ಅನ್ನೋ ಕಡೆ ಒಂದು ಕಾಂಗರೂ ಚಿತ್ರದ ಅಡಿಯಲ್ಲೂ ಮೇಲೂ ಕಣಜಗಳು ಮಣ್ಣಿನ ಗೂಡು ಕಟ್ಟಿದ್ದವು. ಆ ಗೂಡುಗಳ ವಯಸ್ಸು ಅಳೆದು, ಚಿತ್ರ 17,100ರಿಂದ 17,500 ವರ್ಷ ಹಳೆಯದು ಅಂತ 2021ರಲ್ಲಿ ಸಂಶೋಧಕರು ಹೇಳಿದರು. ನಾವು ಪೊರಕೆ ತಗೊಂಡು ಕೆಡವೋ ಗೂಡು!

ಉಂಡೆ ಕುಟ್ಟಿ, ಹಳೇ ಪಂಚೆಯಲ್ಲಿ ಎರಡು ಸಲ ಸೋಸಿ, ನೀರು ಮಜ್ಜಿಗೆ ಹದಕ್ಕೆ ಕಲಸಿ. ಬಾಯಿಗೆ ಹಾಕ್ಕೋಬೇಡಿ, ಅಂಗಡಿ ಮಣ್ಣಲ್ಲಿ ಏನಿರುತ್ತೋ ಯಾರಿಗೆ ಗೊತ್ತು. ಬದಲಿಗೆ ತೆಳ್ಳಗಿನ ಸ್ಟ್ರಾ ಎರಡು ಸಾಕು. ಒಂದನ್ನು ನಾಲ್ಕು ಬೆರಳುದ್ದ ಕತ್ತರಿಸಿ, ಬಣ್ಣ ತುಂಬಿದ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ. ಇನ್ನೊಂದನ್ನು ಅಡ್ಡ ಹಿಡಿದು, ಅದರ ತುದಿಯನ್ನು ನಿಂತ ಸ್ಟ್ರಾದ ಬಾಯಿಗೆ ಅರ್ಧ ತಾಗಿಸಿ ಜೋರಾಗಿ ಊದಿ. ಬಣ್ಣ ತಾನಾಗೇ ಮೇಲೇರಿ ತುಂತುರಾಗಿ ಹಾರುತ್ತದೆ. ಸೋಸಿದ್ದು ಸರಿಯಿಲ್ಲದಿದ್ದರೆ ಸ್ಟ್ರಾ ಕಟ್ಟಿಕೊಳ್ಳುತ್ತದೆ. ನಮ್ಮ ಮೊದಲ ಎರಡು ಸಲ ಹೋಗಿದ್ದು ಇದಕ್ಕೇ.

ಕಲ್ಲು ನುಣುಪಾಗಿರಬಾರದು. ಒಡೆದ ಚಪ್ಪಡಿ, ಸೈಜುಗಲ್ಲು ಯಾವುದಾದರೂ ಆದೀತು, ಆದರೆ ಒಣಗಿರಬೇಕು. ನೆಲದ ಮೇಲೆ ಮಲಗಿಸಿ, ನಿಲ್ಲಿಸಿದರೆ ಬಣ್ಣ ಸೋರುತ್ತದೆ. ಒಬ್ಬರು ಕೈ ಇಡಲಿ, ಇನ್ನೊಬ್ಬರು ಊದಲಿ. ಬೆರಳು ಅಗಲಿಸಿ, ಅಂಗೈ ಒತ್ತಿ, ಒಂದು ಗೇಣು ದೂರದಿಂದ ಸ್ವಲ್ಪ ಸ್ವಲ್ಪ ಊದಿ. ಜಾಸ್ತಿ ಊದಿದರೆ ಬೆರಳಡಿ ನುಗ್ಗುತ್ತದೆ. ಕೈಯನ್ನು ಜಾರಿಸಬೇಡಿ, ನೇರ ಮೇಲಕ್ಕೆತ್ತಿ.

ನನ್ನ ಮಗಳು ಅವರ ದೇವತೆಗಳ ಚಿತ್ರಾನೂ ಬರೀತೀನಿ ಅಂದಳು. ಬೇಡ ಅಂದೆ. ಕಿಂಬರ್ಲಿಯ ವಾಂಜಿನಾ ಚಿತ್ರಗಳು ಸುಮ್ನೆ ಅಲಂಕಾರಕ್ಕಲ್ಲ, ಅವನ್ನು ಬರೆಯೋ ಹಕ್ಕು ಆ ಜನರದ್ದು. ಗುಹೆ ಅಂದರೆ ಅವರಿಗೆ ಬರೀ ಇರೋ ಜಾಗವೂ ಅಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕ್ಲಾಗ್ಸ್ ಗುಹೆಯಲ್ಲಿ ಅಂಗೈಯಷ್ಟೇ ಅಗಲದ ಎರಡು ಪುಟ್ಟ ಒಲೆಗಳು ಸಿಕ್ಕಿವೆ. ಒಂದು 11,000, ಇನ್ನೊಂದು 12,000 ವರ್ಷ ಹಳೆಯದು. ಒಂದೊಂದರಲ್ಲೂ ಕೊಬ್ಬು ಸವರಿದ ಒಂದೊಂದು ಕಡ್ಡಿ, ನಮ್ಮ ಸರ್ವೆ ಮರದ ಜಾತಿಯದ್ದು. ಅಲ್ಲಿ ಅಡುಗೆಯ ಕುರುಹೇ ಇಲ್ಲ. ಅಲ್ಲಿನ ಮೂಲನಿವಾಸಿಗಳಾದ ಗುನೈಕುರ್ನೈ ಜನರ ಮಂತ್ರವಾದಿಗಳು ಇಂಥದ್ದೇ ಕಡ್ಡಿ ಇಟ್ಟು ಬೆಂಕಿ ಹಾಕುತ್ತಿದ್ದರು ಅಂತ 19ನೇ ಶತಮಾನದಲ್ಲಿ ಬರೆದಿಟ್ಟದ್ದೂ ಇದೆ. ನಮ್ಮಜ್ಜಿ ದೃಷ್ಟಿ ತೆಗೆದು ಮೆಣಸಿನಕಾಯಿ ಸುಡೋದನ್ನು ಯಾರೋ ಬಂದು ಆಟಕ್ಕೆ ನಕಲು ಮಾಡಿದರೆ ನಮಗೆ ಹೇಗಾಗುತ್ತೆ, ಅಲ್ವಾ? ನಿಮ್ಮ ಕೈ ಆದರೆ ನಿಮ್ಮದೇ, ಅದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಕುಂತಿ ಬೆಟ್ಟಕ್ಕೋ ಮೇಲುಕೋಟೆಗೋ ಹೋಗಿ ಬಂಡೆ ಮೇಲೆ ಊದಬೇಡಿ, ಅಲ್ಲಿ ಈಗಿರೋ ಹೆಸರುಗಳೇ ಸಾಕು. ಕಲ್ಲು ಒಣಗಿದ ಮೇಲೆ ಜಗಲಿ ಒಳಗಿಡಿ. ನಮ್ಮದನ್ನು ಹಿತ್ತಲಲ್ಲೇ ಬಿಟ್ಟಿದ್ದೆ, ರಾತ್ರಿ ಮಳೆಗೆ ಎರಡು ಬೆರಳು ಹೋದವು.