ಕರಗುವ ರಕ್ತನಾಳದ ಗೋಡೆಯನ್ನು ನೇಯ್ದ ಬಗೆ

ಮಹಾಪಧಮನಿಯಂಥ ದೊಡ್ಡ ನಾಳಕ್ಕೆ ಡೆಕ್ರಾನ್ ಬಟ್ಟೆಯ ಕೊಳವೆಯನ್ನು ಹಾಕಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಆದರೆ ವ್ಯಾಸ 6 ಮಿಲಿಮೀಟರ್‌ಗಿಂತ ಕಡಿಮೆಯಾದಾಗ, ಅಂದರೆ ಹೃದಯದ ಅಥವಾ ಮೊಣಕಾಲಿನ ಕೆಳಗಿನ ನಾಳಗಳಲ್ಲಿ, ಕೃತಕ ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟುವ ಸಂಭವ ಬಹಳ ಹೆಚ್ಚು. ಆದ್ದರಿಂದ ಶಸ್ತ್ರವೈದ್ಯರು ಇಂದಿಗೂ ರೋಗಿಯ ಕಾಲಿನ ಅಭಿಧಮನಿಯನ್ನೇ ತೆಗೆದು ಜೋಡಿಸುತ್ತಾರೆ. ಆ ನಾಳವೂ ಕೆಟ್ಟಿರುವವರಿಗಾಗಿ, ದೇಹ ತನ್ನದೇ ನಾಳವನ್ನು ಕಟ್ಟಿಕೊಳ್ಳುವವರೆಗೆ ರಕ್ತದ ಒತ್ತಡವನ್ನು ತಾಳಿ ಆಮೇಲೆ ಕರಗಿಹೋಗುವ ಗ್ರಾಫ್ಟ್ (ಜೋಡಿಸುವ ಬದಲಿ ನಾಳ) ಒಂದನ್ನು ಶಿವಮೊಗ್ಗದ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ರೂಪಿಸತೊಡಗಿದೆವು.

ನಾನು ಆರಿಸಿಕೊಂಡ ವಸ್ತು ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್. ಅದು ದೇಹದಲ್ಲಿ ಪೂರ್ತಿ ಕರಗಲು ಎರಡು ವರ್ಷಗಳೇ ಬೇಕಾಗುವುದರಿಂದ, ಹೊಸ ಅಂಗಾಂಶಕ್ಕೆ ಬಲ ಬರುವ ಮೊದಲೇ ಗೋಡೆ ಸಡಿಲಗೊಂಡು ಉಬ್ಬುವ ಭಯ ಕಡಿಮೆ. ಅದರ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಸುಮಾರು 15 ಕಿಲೋವೋಲ್ಟ್ ಕೊಟ್ಟರೆ, ತಿರುಗುತ್ತಿರುವ ಉಕ್ಕಿನ ಕಡ್ಡಿಯ ಮೇಲೆ ಎಳೆಗಳು ಸುತ್ತಿಕೊಂಡು ಕೊಳವೆಯಾಗುತ್ತವೆ. ಶ್ಯಾವಿಗೆ ಒತ್ತುವಾಗ ತೋಳಿನ ಬಲ ಮಾಡುವ ಕೆಲಸವನ್ನು ಇಲ್ಲಿ ವಿದ್ಯುತ್ ಕ್ಷೇತ್ರ ಮಾಡುತ್ತದೆ.

ಎಳೆ ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ಈ ಕ್ಷೇತ್ರದಲ್ಲಿ ಬಹುಕಾಲ ಇತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅರ್ಧ ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಎಳೆಗಳ ನಡುವಿನ ರಂಧ್ರ ಕೆಲವೇ ಮೈಕ್ರಾನ್ ಇರುತ್ತದೆ. ಹತ್ತು ಮೈಕ್ರಾನ್ ಮೀರಿದ ಜೀವಕೋಶ ಅದರೊಳಗೆ ನುಸುಳುವುದು ಕಷ್ಟ. ಹೊಲಿಗೆಯ ತುದಿಗಳಿಂದ ಒಳಮೈಗುಂಟ ಬೆಳೆದು ಬರುವ ಎಂಡೋಥೀಲಿಯಲ್ (ರಕ್ತನಾಳದ ಒಳಮೈಯನ್ನು ಹೊದಿಸುವ ಜೀವಕೋಶಗಳ) ಪದರವಾದರೋ ಮನುಷ್ಯರಲ್ಲಿ ಒಂದೆರಡು ಸೆಂಟಿಮೀಟರ್‌ಗೆ ನಿಂತುಬಿಡುತ್ತದೆ. ಉಳಿದ ಉದ್ದಕ್ಕೆಲ್ಲ ಜೀವಕೋಶಗಳೂ ಸೂಕ್ಷ್ಮ ರಕ್ತನಾಳಗಳೂ ಹೊರಗಿನಿಂದ ಗೋಡೆಯನ್ನು ಹಾಯ್ದೇ ಬರಬೇಕು. ಹೀಗಾಗಿ ಎಳೆಯನ್ನು ಐದಾರು ಮೈಕ್ರಾನ್‌ಗೆ ದಪ್ಪಗೊಳಿಸಿ ರಂಧ್ರಗಳನ್ನು ಹಿಗ್ಗಿಸಿದೆ. ಅವುಗಳ ಮೂಲಕ ರಕ್ತ ಜಿನುಗದಂತೆ ಬೇಗ ಕರಗುವ ಜೆಲಾಟಿನ್ ತುಂಬಿ, ಒಳಮೈಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬಂಧಿಸಿದೆ.

ಮಲೆನಾಡಿನ ಮಳೆಗಾಲ ಈ ಕೆಲಸಕ್ಕೆ ಒಗ್ಗುವುದಿಲ್ಲ. ದ್ರಾವಕ ಆವಿಯಾಗುವಾಗ ಎಳೆ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಆಷಾಢದಲ್ಲಿ ಸುತ್ತಿದ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಸಣ್ಣ ಗುಳಿಗಳು. ಯಂತ್ರವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಡಿಹ್ಯೂಮಿಡಿಫೈಯರ್‌ನಿಂದ ತೇವಾಂಶವನ್ನು ಶೇ. 45ರ ಆಸುಪಾಸಿಗೆ ಇಳಿಸಿದ ಮೇಲೆ ಎಳೆ ನಯವಾಯಿತು. ಮಳೆಯೊಂದಿಗೆ ಕರೆಂಟೂ ಹೋಗುವ ಊರಿನಲ್ಲಿ ಯುಪಿಎಸ್ ಅನಿವಾರ್ಯ, ಏಕೆಂದರೆ ನಡುವೆ ನಿಂತ ಕೊಳವೆಯ ಪದರಗಳು ಮತ್ತೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ.

ಈ ವಸ್ತು ಸುಮಾರು 60 ಡಿಗ್ರಿಯಲ್ಲೇ ಕರಗುವುದರಿಂದ ಬಿಸಿ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್ ಆಗದು. ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಶುದ್ಧಿ ಮಾಡುತ್ತೇವೆ. ಇಲಿಯಲ್ಲಿ ಹಾಕಬಹುದಾದ ಒಂದು ಸೆಂಟಿಮೀಟರ್ ಗ್ರಾಫ್ಟ್‌ನ ಒಳಮೈಯನ್ನು ಎರಡು ತುದಿಗಳಿಂದ ಬಂದ ಜೀವಕೋಶಗಳೇ ಮುಚ್ಚಿಬಿಡುತ್ತವೆ, ಗೋಡೆಯ ರಂಧ್ರಗಳ ಪರೀಕ್ಷೆ ಅಲ್ಲಿ ಆಗುವುದೇ ಇಲ್ಲ. ಆದ್ದರಿಂದ ಕುರಿಯ ಕತ್ತಿನ ಅಪಧಮನಿಯಲ್ಲಿ ಉದ್ದನೆಯ ಗ್ರಾಫ್ಟ್ ಹಾಕಲು ಪ್ರಾಣಿಪ್ರಯೋಗ ನೀತಿ ಸಮಿತಿಗೆ ಅರ್ಜಿ ಸಲ್ಲಿಸಿದ್ದೇವೆ.